ಶಿಖರದಿಂದ ಉಪ್ಪಿನಾಗರದವರೆಗೆ ನೀರು ನಡೆದ ದಾರಿ

1895ರಲ್ಲಿ ದೋವ್ಯೆ ಎಂಬ ಹಳ್ಳಿಯ ಪಾದ್ರಿ ಯಾಕೋಬ್ ಆಲ್ಯಾಜ್ ಒಂದು ಗಿಲ್ಡರ್ ಕೊಟ್ಟು ಚೂರು ಜಾಗ ಖರೀದಿಸಿದರು. ಬೆಳೆ ತೆಗೆಯುವುದಕ್ಕೂ ಆಗದ, ಮನೆ ಕಟ್ಟುವುದಕ್ಕೂ ಬಾರದ ಜಾಗ. ಸಮುದ್ರಮಟ್ಟದಿಂದ 2,864 ಮೀಟರ್ ಎತ್ತರದಲ್ಲಿರುವ ತ್ರಿಗ್ಲಾವ್ ಪರ್ವತದ ನೆತ್ತಿ ಅದು, ಬರೀ ಬೋಳು ಬಂಡೆ. ಆಗ ಆ ಸೀಮೆ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಬೆಟ್ಟದ ದಾರಿಗಳು, ತಂಗುದಾಣಗಳು, ನಾಮಫಲಕಗಳು ಒಂದೊಂದಾಗಿ ಜರ್ಮನ್ ಭಾಷಿಕರ ಪರ್ವತಾರೋಹಣ ಸಂಘಗಳ ಕೈಸೇರುತ್ತಿದ್ದವು. ಆಲ್ಯಾಜ್ ತಾವೇ ನಕ್ಷೆ ಬರೆದು ತಗಡಿನ ಪುಟ್ಟ ಗೋಪುರವೊಂದನ್ನು ಮಾಡಿಸಿದರು, ಬಿಡಿಬಿಡಿಯಾಗಿ ಮೇಲಕ್ಕೆ ಹೊರಿಸಿದರು, ತಾವು ಕೊಂಡ ಬಂಡೆಯ ಮೇಲೆ ನಿಲ್ಲಿಸಿದರು. ನಾಲ್ಕೈದು ಜನ ಮೈಗೆ ಮೈ ತಾಗಿಸಿ ನಿಂತರೆ ತುಂಬಿಹೋಗುವ ಆ ಗೋಪುರ ಇವತ್ತಿಗೂ ಅಲ್ಲೇ ಇದೆ. ಸ್ಲೊವೇನಿಯಾದಲ್ಲಿ ಹುಟ್ಟಿದವರು ಜೀವಮಾನದಲ್ಲಿ ಒಮ್ಮೆಯಾದರೂ ಅದನ್ನು ಮುಟ್ಟಿ ಬರಬೇಕೆಂಬ ಮಾತು ಆ ನಾಡಿನಲ್ಲಿ ಚಾಲ್ತಿಯಲ್ಲಿದೆ.

1991ರಲ್ಲಿ ಸ್ವತಂತ್ರವಾದ ಸ್ಲೊವೇನಿಯಾದ ಲಾಂಛನದಲ್ಲಿರುವುದು ಇದೇ ತ್ರಿಗ್ಲಾವ್. ಅದರ ಬುಡದಲ್ಲಿ ಅಲೆಯಂಥ ಎರಡು ನೀಲಿ ಗೆರೆಗಳಿವೆ, ಕಡಲು ಮತ್ತು ನದಿಗಳ ಗುರುತಾಗಿ. ಇಡೀ ದೇಶದ ಭೂಗೋಳ ಆ ಪುಟ್ಟ ಚಿತ್ರದಲ್ಲಿದೆ. 20,273 ಚದರ ಕಿ.ಮೀ. ವಿಸ್ತೀರ್ಣವೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟು. ಜನಸಂಖ್ಯೆ 21 ಲಕ್ಷದ ಆಸುಪಾಸು. ಕಡಲತೀರ ಸುಮಾರು 47 ಕಿ.ಮೀ., ಕುಮಟಾದಿಂದ ಭಟ್ಕಳಕ್ಕೆ ಹೋಗುವಷ್ಟೂ ಇಲ್ಲ. ಹಿಮ ಹೊದ್ದ ಆಲ್ಪ್ಸ್ ಪರ್ವತದ ಕೆಳಗಿರುವ ಬ್ಲೆಡ್ ಊರಿನಿಂದ ಏಡ್ರಿಯಾಟಿಕ್ ಸಮುದ್ರದ ದಂಡೆಯ ಪಿರಾನ್‌ಗೆ ಕಾರಿನಲ್ಲಿ ಎರಡು ಗಂಟೆಯ ದಾರಿ.

ಬೆಳಿಗ್ಗೆ ಹಿಮ, ಸಂಜೆ ಸಮುದ್ರಸ್ನಾನ ಎಂದು ಪ್ರವಾಸಿ ಸಂಸ್ಥೆಗಳು ಈ ನಾಡನ್ನು ಮಾರುವುದು ಇದೇ ಕಾರಣಕ್ಕೆ. ಆದರೆ ಸರೋವರ, ಪಚ್ಚೆ ಬಣ್ಣದ ಹೊಳೆ, ಗುಹೆ, ಉಪ್ಪಿನಗದ್ದೆಗಳನ್ನು ಬಿಡಿಬಿಡಿ ಚಿತ್ರಗಳಾಗಿ ನೋಡಿ ಬಂದವರಿಗೆ ಅರ್ಧ ಕಥೆ ತಪ್ಪಿಹೋಗಿರುತ್ತದೆ. ಇಲ್ಲಿನ ಬಹುಪಾಲು ನೋಟಗಳ ಹಿಂದಿರುವುದು ಎರಡೇ ವಸ್ತು: ಸುಣ್ಣಕಲ್ಲು ಮತ್ತು ಅದರೊಳಗೆ ದಾರಿ ಕೊರೆಯುವ ನೀರು.

ಒಂದೇ ಬೆಟ್ಟ, ಎರಡು ಸಮುದ್ರ

ತ್ರಿಗ್ಲಾವ್ ಇರುವ ಜೂಲಿಯನ್ ಆಲ್ಪ್ಸ್ ಶ್ರೇಣಿ ಯುರೋಪಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಕೆಲವೆಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಆಗುಂಬೆ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು, ಅಲ್ಲಿನ ಮಳೆಯ ಅರ್ಧಕ್ಕೂ ಕಡಿಮೆ. ಆದರೆ ಆಗುಂಬೆಯಲ್ಲಿ ಬಿದ್ದ ನೀರು ಹಳ್ಳವಾಗಿ ಕಣ್ಣೆದುರೇ ಹರಿಯುತ್ತದೆ. ಇಲ್ಲಿ ಬಂಡೆಯ ಬಿರುಕಿಗೆ ಇಳಿದು ಮಾಯವಾಗುತ್ತದೆ. ಇಷ್ಟು ಮಳೆಯ ಬೆಟ್ಟದ ಮೇಲ್ಭಾಗದಲ್ಲಿ ಚಾರಣಿಗರು ಕುಡಿಯುವ ನೀರನ್ನು ಹೊತ್ತೇ ಹತ್ತಬೇಕು.

ಈ ಬೆಟ್ಟವನ್ನು ನಾಲ್ವರು ಸ್ಥಳೀಯರು ಮೊದಲ ಸಲ ಏರಿದ್ದು 1778ರಲ್ಲಿ, ಮಾಂ ಬ್ಲಾಂ ಶಿಖರವನ್ನು ಮನುಷ್ಯ ಮುಟ್ಟುವುದಕ್ಕೂ ಎಂಟು ವರ್ಷ ಮೊದಲು. ಖನಿಜಗಳ ಹುಚ್ಚು ಹಿಡಿಸಿಕೊಂಡಿದ್ದ ಜೀಗಾ ಝೋಯಿಸ್ ಎಂಬ ಶ್ರೀಮಂತ ಅವರನ್ನು ಕಳಿಸಿದ್ದ. ಅಂದು ಅವರು ಕಂಡ ಹಿಮನದಿ ಈಗ ಹೆಚ್ಚುಕಡಿಮೆ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನಲವತ್ತು ಹೆಕ್ಟೇರ್‌ಗೂ ಮಿಗಿಲಾಗಿ ಹರಡಿದ್ದ ಆ ಹಿಮರಾಶಿಯನ್ನು ವಿಜ್ಞಾನಿಗಳು 1946ರಿಂದ ಅಳೆಯುತ್ತ ಬಂದಿದ್ದಾರೆ. ಈಗ ಒಂದು ಹೆಕ್ಟೇರೂ ಉಳಿದಿಲ್ಲ.

ಪರ್ವತದ ಪೂರ್ವ ಮಗ್ಗುಲಿಗೆ ಬಿದ್ದ ನೀರು ಬೋಹಿನ್ ಸರೋವರ ಸೇರಿ, ಸಾವಾ ನದಿಯಾಗಿ ಬೆಲ್‌ಗ್ರೇಡ್‌ನಲ್ಲಿ ಡ್ಯಾನ್ಯೂಬ್‌ಗೆ ಕೂಡಿ ಕಪ್ಪು ಸಮುದ್ರದವರೆಗೆ ನಡೆಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಸೋಚಾ ನದಿಯಾಗಿ ಸುಮಾರು 140 ಕಿ.ಮೀ. ಹರಿದು, ಕೊನೆಯ ಹಂತದಲ್ಲಿ ಇಟಲಿಗೆ ದಾಟಿ ಏಡ್ರಿಯಾಟಿಕ್‌ಗೆ ಇಳಿಯುತ್ತದೆ.

ಚೆಲುವಿಗೆ ಕೊಳವೆಯ ಆಸರೆ

ಸ್ಲೊವೇನಿಯಾ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಬ್ಲೆಡ್ ಸರೋವರದ ಚಿತ್ರ. ನಡುವೆ ಚರ್ಚ್ ಇರುವ ಪುಟ್ಟ ದ್ವೀಪ, ದಡದಲ್ಲಿ ನೂರು ಮೀಟರ್‌ಗೂ ಎತ್ತರದ ಬಂಡೆಯ ತುದಿಗೆ ಕೋಟೆ, ಹಿನ್ನೆಲೆಯಲ್ಲಿ ಹಿಮಶಿಖರ. ಕೋಟೆಯ ಉಲ್ಲೇಖ 1011ರ ದಾಖಲೆಯಲ್ಲೇ ಸಿಗುತ್ತದೆ. ಸರೋವರದ ಉದ್ದ ಎರಡು ಕಿ.ಮೀ.ಗಿಂತ ತುಸು ಹೆಚ್ಚು. ಸುತ್ತು ಹಾಕಲು ನಿಧಾನ ನಡೆದರೆ ಒಂದೂವರೆ ಗಂಟೆ ಸಾಕು. ಇಲ್ಲಿ ಮೋಟಾರ್ ದೋಣಿಗೆ ಪ್ರವೇಶವಿಲ್ಲ. ದ್ವೀಪಕ್ಕೆ ಕರೆದೊಯ್ಯುವುದು ‘ಪ್ಲೆತ್ನಾ’ ಎಂಬ ಚಪ್ಪಟೆ ತಳದ ಮರದ ದೋಣಿ. ಅಂಬಿಗ ಹಿಂತುದಿಯಲ್ಲಿ ನಿಂತುಕೊಂಡೇ ಎರಡು ಹುಟ್ಟುಗಳನ್ನು ಎದೆಮಟ್ಟದಲ್ಲಿ ಅಡ್ಡಹಾಯಿಸಿ ಹಾಕುತ್ತಾನೆ. ಈ ಕಸುಬು ಕೆಲವೇ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದದ್ದು. ದ್ವೀಪದಲ್ಲಿ ಇಳಿದರೆ 99 ಮೆಟ್ಟಿಲು. ಮದುವೆಯಾದ ಹೊಸದರಲ್ಲಿ ಗಂಡು ಹೆಣ್ಣನ್ನು ಎತ್ತಿಕೊಂಡು ಅಷ್ಟನ್ನೂ ಹತ್ತಬೇಕು, ಆಕೆ ತುಟಿಪಿಟಕ್ಕೆನ್ನಬಾರದು ಎಂಬ ವಾಡಿಕೆ ಪ್ರವಾಸಿಗರಿಗೆ ಒಳ್ಳೆಯ ಮನರಂಜನೆ.

ಫೋಟೊದಲ್ಲಿ ಕಾಣದ ಸಂಗತಿ ಬೇರೆಯೇ ಇದೆ. ಬ್ಲೆಡ್‌ಗೆ ದೊಡ್ಡ ಹೊಳೆಯಾವುದೂ ಬಂದು ಸೇರುವುದಿಲ್ಲ. ನೀರು ನಿಂತಲ್ಲೇ ನಿಂತು, ಸುತ್ತಲಿನ ಹೋಟೆಲು-ಮನೆಗಳ ಕೊಳೆ ಸೇರಿ, ಇಪ್ಪತ್ತನೇ ಶತಮಾನದ ಮಧ್ಯದ ಹೊತ್ತಿಗೆ ಸರೋವರ ಕೆಂಪು ಪಾಚಿಯ ಕಾಟಕ್ಕೆ ಸಿಕ್ಕಿತ್ತು. 1964ರಲ್ಲಿ ಪಕ್ಕದ ರಾದೊವ್ನಾ ನದಿಯ ತಣ್ಣನೆಯ ನೀರನ್ನು ಕೊಳವೆಯಲ್ಲಿ ತಂದು ಬಿಡಲಾಯಿತು. ಅದೂ ಸಾಲದೆ 1980ರ ದಶಕದ ಆರಂಭದಲ್ಲಿ ತಳದ ಕೊಳಕು ನೀರನ್ನು ಸೈಫನ್ ಮೂಲಕ ಎಳೆದು ಸಾವಾ ನದಿಗೆ ಹೊರಹಾಕುವ ವ್ಯವಸ್ಥೆ ಬಂತು. ಒಳಚರಂಡಿಯೂ ಸುಧಾರಿಸಿತು. ದೇವರು ಕೊಟ್ಟ ಚೆಲುವು ಎಂದು ಜನ ನೋಡಿ ಬೆರಗಾಗುವ ನೀಲಿಯ ಹಿಂದೆ ಎಂಜಿನಿಯರುಗಳ ಕೈವಾಡವೂ ಇದೆ.

ಅಲ್ಲಿಂದ ಇಪ್ಪತ್ತೈದು ಕಿ.ಮೀ. ಒಳಗಿರುವ ಬೋಹಿನ್‌ಗೆ ಆ ಕಷ್ಟ ಬರಲಿಲ್ಲ. ನಾಲ್ಕು ಕಿ.ಮೀ.ಗೂ ಉದ್ದದ ಈ ಹಿಮನದಿ ಸರೋವರಕ್ಕೆ ನೀರು ಒಂದೇ ಸಮನೆ ಬಂದು ಹೋಗುತ್ತಿರುತ್ತದೆ. ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದ ಒಳಗಿರುವುದರಿಂದ ದಡದಲ್ಲಿ ಹೋಟೆಲುಗಳ ಸಾಲೂ ಇಲ್ಲ. ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಸವಿತ್ಸಾ ಜಲಪಾತ. ಇದು ಮೇಲಿನ ತೊರೆಯೊಂದು ಅಂಚಿಗೆ ಬಂದು ಬೀಳುವ ಜಲಪಾತವಲ್ಲ. ಬಂಡೆಗೋಡೆಯ ನಟ್ಟನಡುವಿನ ಬಾಯಿಂದ ನೀರು ಹೊರಚಿಮ್ಮಿ 78 ಮೀಟರ್ ಕೆಳಗೆ ಧುಮುಕುತ್ತದೆ. ಮೇಲೆ ಬಿರುಕಿಗಿಳಿದು ಕಾಣೆಯಾದ ಮಳೆ ಪತ್ತೆಯಾಗುವುದು ಇಂಥ ಕಡೆ.

ಪಚ್ಚೆ ಹೊಳೆ, ರಕ್ತದ ನೆನಪು

ಪರ್ವತದ ಈ ಮಗ್ಗುಲಿಂದ ಆ ಮಗ್ಗುಲಿಗೆ ದಾಟಲು ಎರಡು ದಾರಿಗಳಿವೆ, ಎರಡೂ ನೋಡುವಂಥವು. ಒಂದು ರೈಲು. 1906ರಲ್ಲಿ ತೆರೆದ ಬೋಹಿನ್ ಮಾರ್ಗದ ಆರು ಕಿ.ಮೀ.ಗೂ ಉದ್ದದ ಸುರಂಗದಲ್ಲಿ ಇಂದಿಗೂ ಕಾರುಗಳನ್ನು ರೈಲಿಗೇರಿಸಿ ಸಾಗಿಸುತ್ತಾರೆ. ತೆರೆದ ಬೋಗಿಯ ಮೇಲೆ ತಮ್ಮ ಕಾರಿನೊಳಗೇ ಕುಳಿತು ಜನ ಕತ್ತಲನ್ನು ದಾಟುತ್ತಾರೆ. ಅದೇ ಮಾರ್ಗ ಮುಂದೆ ಸೊಲ್ಕಾನ್ ಬಳಿ ಸೋಚಾ ನದಿಯನ್ನು ದಾಟುವ ಕಲ್ಲುಸೇತುವೆಯ ನಡುಕಮಾನು 85 ಮೀಟರ್ ಅಗಲ. ರೈಲು ಸೇತುವೆಗಳಲ್ಲಿ ಇಷ್ಟು ದೊಡ್ಡ ಕಲ್ಲುಕಮಾನು ಜಗತ್ತಿನಲ್ಲಿ ಇನ್ನೊಂದಿಲ್ಲ.

ಎರಡನೆಯದು 1,611 ಮೀಟರ್ ಎತ್ತರದ ವ್ರಶಿಚ್ ಘಾಟಿ. ಹತ್ತಿ ಇಳಿಯುವಾಗ ಒಟ್ಟು 50 ಹಿಮ್ಮುರಿ ತಿರುವುಗಳು, ಪ್ರತಿಯೊಂದಕ್ಕೂ ನಂಬರು. ಉತ್ತರದ ಕಡೆ ತಿರುವುಗಳಿಗೆ ಈಗಲೂ ಕಲ್ಲು ಹಾಸು ಇರುವುದರಿಂದ ಸೈಕಲ್ ಸವಾರರು ಹಲ್ಲು ಕಚ್ಚಿ ಹತ್ತುತ್ತಾರೆ. ಈ ರಸ್ತೆಯನ್ನು ಕಡಿದದ್ದು ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿಗೆ ಸೆರೆಸಿಕ್ಕ ಸಾವಿರಾರು ರಷ್ಯನ್ ಯೋಧರು. ಯುದ್ಧರಂಗಕ್ಕೆ ಸರಕು ಸಾಗಿಸಲು ಚಳಿಗಾಲದಲ್ಲೂ ಅವರಿಂದ ಕೆಲಸ ಮಾಡಿಸಲಾಯಿತು. 1916ರ ಮಾರ್ಚ್‌ನಲ್ಲಿ ಹಿಮರಾಶಿ ಕುಸಿದು ಅನೇಕರನ್ನು ಹೂತುಹಾಕಿತು. ಉಳಿದವರು ಗೆಳೆಯರ ನೆನಪಿಗೆ ಕಟ್ಟಿದ ಮರದ ಪುಟ್ಟ ಪ್ರಾರ್ಥನಾಮಂದಿರ ಎಂಟನೇ ತಿರುವಿನ ಹತ್ತಿರ ಕಾಡಿನೊಳಗಿದೆ.

ಘಾಟಿ ಇಳಿದರೆ ತ್ರೆಂತಾ ಕಣಿವೆ. ಸೋಚಾ ಹುಟ್ಟುವುದು ಇಲ್ಲಿನ ಗುಹೆಯೊಂದರಲ್ಲಿ. ನದಿಯ ಬಣ್ಣ ಕಂಡವರು ಫೋಟೊಗೆ ಬಣ್ಣ ಹಚ್ಚಿದ್ದಾರೇನೋ ಎಂದು ಅನುಮಾನಿಸುವಷ್ಟು ಹಸಿರುನೀಲಿ. ಹಾಸಿನಲ್ಲಿರುವುದು ಬಿಳಿ ಸುಣ್ಣಕಲ್ಲು, ನೀರಿನಲ್ಲಿ ಕೆಸರಿಲ್ಲ. ಬೆಳಕು ತಳದವರೆಗೂ ಹೋಗಿ ಬರುತ್ತದೆ. ಮೈಮೇಲೆ ಅಮೃತಶಿಲೆಯಂಥ ಗೆರೆಗಳಿರುವ ಮಾರ್ಬಲ್ ಟ್ರೌಟ್ ಮೀನಿನ ಮನೆ ಇದು. ಹೊರಗಿನಿಂದ ತಂದು ಬಿಟ್ಟ ಬ್ರೌನ್ ಟ್ರೌಟ್ ಜೊತೆ ಬೆರಕೆಯಾಗಿ ಮೂಲತಳಿ ಹೆಸರಿಲ್ಲದಂತಾಗುವುದರಲ್ಲಿತ್ತು. ಮೇಲಿನ ದುರ್ಗಮ ತೊರೆಗಳಲ್ಲಿ ಉಳಿದುಕೊಂಡಿದ್ದ ಶುದ್ಧ ತಳಿಯನ್ನು ಹುಡುಕಿ ಸಾಕಿ ಮತ್ತೆ ನದಿಗೆ ಬಿಡುವ ಕೆಲಸ ದಶಕಗಳಿಂದ ನಡೆದಿದೆ.

ರ‍್ಯಾಫ್ಟಿಂಗ್, ಕಯಾಕಿಂಗ್ ಮಾಡುವ ಹುಡುಗರ ಕೇಕೆ ತುಂಬಿರುವ ಇದೇ ಕಣಿವೆಯಲ್ಲಿ 1915ರಿಂದ 1917ರವರೆಗೆ ಇಟಲಿಯೂ ಆಸ್ಟ್ರಿಯಾ-ಹಂಗೇರಿಯೂ ಹನ್ನೆರಡು ಬಾರಿ ಕಾದಾಡಿದವು. ಕೊನೆಯದು 1917ರ ಅಕ್ಟೋಬರ್ 24ರಂದು ಕೋಬರಿಡ್ ಬಳಿ ಆರಂಭವಾಗಿ ಇಟಲಿಯ ಸೈನ್ಯವನ್ನು ದಿಕ್ಕಾಪಾಲಾಗಿಸಿತು. ಹೆಮಿಂಗ್ವೇ ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯಲ್ಲಿ ವರ್ಣಿಸಿದ ಹಿಮ್ಮೆಟ್ಟುವಿಕೆ ಇದೇ. ಆತ ಇಟಲಿಯ ಯುದ್ಧರಂಗಕ್ಕೆ ಬಂದದ್ದು ಮಾತ್ರ ಮರುವರ್ಷ. ಕೋಬರಿಡ್‌ನ ಪುಟ್ಟ ಮ್ಯೂಸಿಯಂ ಎರಡೂ ಕಡೆಯ ಯೋಧರ ಪಾಡನ್ನು ಪಕ್ಷಪಾತವಿಲ್ಲದೆ ತೋರಿಸಿದ್ದಕ್ಕೆ 1993ರಲ್ಲಿ ಕೌನ್ಸಿಲ್ ಆಫ್ ಯುರೋಪ್‌ನ ಪ್ರಶಸ್ತಿ ಪಡೆಯಿತು.

ನೆಲದಡಿಯ ನಾಡು

ಆಲ್ಪ್ಸ್ ಮುಗಿದು ಸಮುದ್ರ ಶುರುವಾಗುವ ಮುನ್ನ ಕ್ರಾಸ್ ಎಂಬ ಪ್ರಸ್ಥಭೂಮಿ ಸಿಗುತ್ತದೆ. ಜಗತ್ತಿನ ಭೂವಿಜ್ಞಾನಿಗಳು ಸುಣ್ಣಕಲ್ಲು ಕರಗಿ ಆದ ನೆಲವನ್ನು ಕಾರ್ಸ್ಟ್ ಎಂದು ಕರೆಯುವುದು ಈ ಸೀಮೆಯ ಹೆಸರಿನಿಂದಲೇ. ಕುಮಟಾ ಬಳಿಯ ಯಾಣದ ಶಿಖರಗಳೂ ಅದೇ ಜಾತಿಯವು. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೆಳು ಆಮ್ಲವಾಗುತ್ತದೆ, ಬಿರುಕಿನಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸುತ್ತದೆ. ಕೆಳಗೆ ಗುಹೆಯ ಗಾಳಿ ತಾಗಿದಾಗ ಅದೇ ನೀರು ಕರಗಿಸಿಕೊಂಡದ್ದನ್ನು ಹನಿಹನಿಯಾಗಿ ವಾಪಸ್ ಕೊಡುತ್ತದೆ. ಹಾಗೆ ಇಳಿಬಿದ್ದ ಕಲ್ಲಿನ ಕೋಲು ಒಂದು ಮಿಲಿಮೀಟರ್ ಬೆಳೆಯಲು ಹತ್ತು ವರ್ಷ ಹಿಡಿಯಬಹುದು, ಕೆಲವು ಕಡೆ ಅದಕ್ಕೂ ಹೆಚ್ಚು.

ಪೊಸ್ತೊಯ್ನಾ ಗುಹೆ ಇದರ ಅತಿ ಜನಪ್ರಿಯ ಉದಾಹರಣೆ, ಒಟ್ಟು 24 ಕಿ.ಮೀ. ಉದ್ದ. 1818ರಲ್ಲಿ ಚಕ್ರವರ್ತಿಯ ಭೇಟಿಗೆ ದೀಪಗಳ ತಯಾರಿ ನಡೆಯುತ್ತಿದ್ದಾಗ ಲೂಕಾ ಚೆಚ್ ಎಂಬ ಸ್ಥಳೀಯ ಕೆಲಸಗಾರ ಮೇಲಕ್ಕೆ ಹತ್ತಿ ಒಳಗಿನ ದೊಡ್ಡ ಭಾಗವನ್ನು ಕಂಡುಕೊಂಡ. ಮರುವರ್ಷವೇ ಅದು ಸಾರ್ವಜನಿಕರಿಗೆ ತೆರೆಯಿತು. 1872ರಲ್ಲಿ ಒಳಗೆ ಹಳಿ ಹಾಕಿದರು. ಆಗ ಬೋಗಿಗಳನ್ನು ತಳ್ಳುತ್ತಿದ್ದವರು ಗೈಡ್‌ಗಳೇ. 1884ರಲ್ಲಿ ವಿದ್ಯುದ್ದೀಪ ಬಂತು, ರಾಜಧಾನಿ ಲ್ಯುಬ್ಲಿಯಾನಾದ ಬೀದಿಗಳಿಗಿಂತ ಮೊದಲೇ. ಇಂದು ಪ್ರವಾಸಿಗರು ಮೂರೂವರೆ ಕಿ.ಮೀ.ಗೂ ಹೆಚ್ಚು ದೂರ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಿ, ಉಳಿದದ್ದನ್ನು ನಡೆಯುತ್ತಾರೆ. ತಿರುವುಗಳಲ್ಲಿ ಕಲ್ಲಿನ ಕೋಲುಗಳು ತಲೆಗೆ ತಾಗುವಷ್ಟು ಹತ್ತಿರ ಬಂದಾಗ ಎತ್ತರದವರು ತಾವಾಗಿಯೇ ಕುತ್ತಿಗೆ ತಗ್ಗಿಸುತ್ತಾರೆ.

ಗುಹೆಯ ನಿಜವಾದ ನಿವಾಸಿ ಓಲ್ಮ್. ಗೇಣುದ್ದಕ್ಕಿಂತ ತುಸು ಹೆಚ್ಚಿನ ಉಭಯಚರ, ಮಾಸಲು ಗುಲಾಬಿ ಮೈ, ಕುತ್ತಿಗೆಯ ಎರಡೂ ಬದಿಗೆ ಕೆಂಪು ಕಿವಿರುಗಳ ಕುಚ್ಚು, ಮುಂಗಾಲಿಗೆ ಮೂರು ಬೆರಳು, ಹಿಂಗಾಲಿಗೆ ಎರಡು. ಕಣ್ಣುಗಳ ಮೇಲೆ ಚರ್ಮ ಬೆಳೆದುಬಿಟ್ಟಿದೆ. ವಾಸನೆ, ಕಂಪನಗಳಿಂದಲೇ ಬೇಟೆ. ವರ್ಷಗಟ್ಟಲೆ ಉಪವಾಸವಿದ್ದೂ ಬದುಕಬಲ್ಲದು. ಪ್ರವಾಹ ಬಂದಾಗ ಹೊರಗೆ ಕೊಚ್ಚಿಬರುತ್ತಿದ್ದ ಈ ಪ್ರಾಣಿಯನ್ನು ಹಳ್ಳಿಗರು ಡ್ರ್ಯಾಗನ್ ಮರಿ ಎಂದು ನಂಬಿದ್ದರೆಂದು ವಾಲ್ವಾಸೋರ್ 1689ರಲ್ಲೇ ಬರೆದಿಟ್ಟಿದ್ದಾನೆ. 2016ರಲ್ಲಿ ಗುಹೆಯ ಅಕ್ವೇರಿಯಂನಲ್ಲಿದ್ದ ಹೆಣ್ಣೊಂದು ಅರವತ್ತಕ್ಕೂ ಹೆಚ್ಚು ಮೊಟ್ಟೆ ಇಟ್ಟಾಗ ಸಿಬ್ಬಂದಿ ತೊಟ್ಟಿಗೆ ಪರದೆ ಕಟ್ಟಿ, ಕತ್ತಲಲ್ಲೂ ಕಾಣುವ ಕ್ಯಾಮೆರಾದಿಂದ ಕಾವಲು ಕಾದರು. ಕೊನೆಗೆ 21 ಮರಿಗಳು ಉಳಿದವು.

ಆ ವಾಲ್ವಾಸೋರ್ ಸ್ವಂತ ಕೋಟೆಯನ್ನೂ ಗ್ರಂಥಗಳನ್ನೂ ಮಾರಿಕೊಂಡು ತನ್ನ ನಾಡಿನ ವಿವರಗಳನ್ನು ಅಚ್ಚು ಹಾಕಿಸಿದ ವಿದ್ವಾಂಸ. ಅವನಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ತಂದುಕೊಟ್ಟದ್ದು ತ್ಸೆರ್ಕ್ನಿತ್ಸಾ ಸರೋವರದ ಅಧ್ಯಯನ. ಶರತ್ಕಾಲದ ಮಳೆಗೆ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಚದರ ಕಿ.ಮೀ. ಹರಡಿಕೊಳ್ಳುವ ಈ ಕೆರೆ ಬೇಸಿಗೆಯಲ್ಲಿ ತಳದ ಬಿಲಗಳ ಮೂಲಕ ಸೋರಿ ಬರಿದಾಗುತ್ತದೆ. ಮೀನು ಹಿಡಿದ ಜಾಗದಲ್ಲೇ ಊರವರು ಹುಲ್ಲು ಕೊಯ್ಯುತ್ತಾರೆ, ಚಳಿ ಜೋರಾದ ವರ್ಷ ಹೆಪ್ಪುಗಟ್ಟಿದ ನೀರ ಮೇಲೆ ಜಾರಾಟವಾಡುತ್ತಾರೆ.

ಪೊಸ್ತೊಯ್ನಾಕ್ಕಿಂತ ರುದ್ರವಾದದ್ದು ಶ್ಕೊತ್ಸಿಯಾನ್, 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇಲ್ಲಿ ರೇಕಾ ಎಂಬ ಇಡೀ ನದಿಯೇ ಹಳ್ಳಿಯೊಂದರ ಕೆಳಗಿನ ಬಂಡೆಯೊಳಗೆ ನುಗ್ಗುತ್ತದೆ. ನೆಲದಡಿಯ ಕಮರಿಯ ಗೋಡೆಗಂಟಿದ ಕಾಲುದಾರಿಯಲ್ಲಿ ನಡೆದು, ನದಿಗಿಂತ 45 ಮೀಟರ್ ಎತ್ತರದ ಸೇತುವೆಯಲ್ಲಿ ನಿಂತರೆ ಕೆಳಗಿನ ಕತ್ತಲಿಂದ ಮೊರೆತವಷ್ಟೇ ಕೇಳಿಬರುತ್ತದೆ. 1965ರ ಪ್ರವಾಹದಲ್ಲಿ ಒಳಗಿನ ನೀರಿನ ಮಟ್ಟ ನೂರು ಮೀಟರ್‌ಗೂ ಹೆಚ್ಚು ಏರಿತ್ತು, ಅಂದರೆ ಈ ಸೇತುವೆಯೂ ಮುಳುಗುವಷ್ಟು. ಹೀಗೆ ಮಾಯವಾದ ರೇಕಾ ಮೂವತ್ತು ಕಿ.ಮೀ.ಗೂ ಆಚೆ, ಇಟಲಿಯ ಕರಾವಳಿಯಲ್ಲಿ ತಿಮಾವೊ ಎಂಬ ಹೆಸರಿನಿಂದ ಎದ್ದುಬರುತ್ತದೆ. ಪೊಸ್ತೊಯ್ನಾ ಗುಹೆ ಹೊಕ್ಕ ಪಿವ್ಕಾ ನದಿಯಾದರೋ ಎರಡು ಸಲ ನೆಲಕ್ಕಿಳಿದು ಮೇಲೆದ್ದು, ಲ್ಯುಬ್ಲಿಯಾನಿತ್ಸಾ ಆಗಿ ರಾಜಧಾನಿಯ ನಡುವೆ ಹರಿದು ಸಾವಾ ಸೇರುತ್ತದೆ. ಒಂದು ನದಿ ಏಡ್ರಿಯಾಟಿಕ್‌ಗೆ, ಇನ್ನೊಂದು ಕಪ್ಪು ಸಮುದ್ರಕ್ಕೆ.

ಇದೇ ಪ್ರಸ್ಥಭೂಮಿಯ ಲಿಪಿತ್ಸಾದಲ್ಲಿ 1580ರಿಂದ ಸಾಕುತ್ತ ಬಂದ ಲಿಪಿತ್ಸಾನರ್ ಕುದುರೆಗಳಿವೆ. ಹುಟ್ಟುವಾಗ ಕಪ್ಪು ಅಥವಾ ಕಂದು, ವರ್ಷಗಳು ಕಳೆದಂತೆ ಅಚ್ಚ ಬಿಳಿ.

ಕೆಸರಿನ ಮೇಲೆ ಬಿಳಿ ಉಪ್ಪು

ಪ್ರಸ್ಥಭೂಮಿಯ ಅಂಚು ದಾಟಿದ ಮೇಲೆ ಕಲ್ಲಿನ ಗುಣವೇ ಬದಲು. ಸುಣ್ಣಕಲ್ಲು ಹಿಂದುಳಿದು, ಮರಳುಗಲ್ಲು ಮತ್ತು ಜೇಡಿಕಲ್ಲಿನ ಪದರಗಳು ಶುರು. ಸ್ಟ್ರುನ್ಯಾನ್ ಬಳಿ ಸಮುದ್ರಕ್ಕೆ ನೇರ ಇಳಿಯುವ 80 ಮೀಟರ್ ಎತ್ತರದ ಕಡಿದಾದ ದಂಡೆಯಲ್ಲಿ ಈ ಪದರಗಳನ್ನು ಒಂದೊಂದಾಗಿ ಎಣಿಸಬಹುದು. ಈ ನೆಲ ನೀರು ಹೀರುವುದಿಲ್ಲ. ಹೊಳೆಗಳು ಮೇಲೆಯೇ ಹರಿದು ಕೆಸರು ಹೊತ್ತು ತರುತ್ತವೆ. ದ್ರಾಗೋನ್ಯಾ ನದಿ ತಂದು ಸುರಿದ ಅಂಥ ಕೆಸರಿನ ಬಯಲೇ ಸೆಚೋವ್ಲಿಯೆ ಉಪ್ಪಿನಾಗರ.

ಪಕ್ಕದ ಪಿರಾನ್ ಪಟ್ಟಣದ ಸಿರಿಗೆ ಕಾರಣವೂ ಈ ಉಪ್ಪೇ. 1283ರಿಂದ 1797ರವರೆಗೆ ವೆನಿಸ್ ಗಣರಾಜ್ಯದ ಆಳ್ವಿಕೆಯಲ್ಲಿದ್ದ ಊರಿನ ಕಿರಿದಾದ ಓಣಿಗಳು, ವೆನಿಸ್ಸಿನದೇ ಮಾದರಿಯ ಗಂಟೆಗೋಪುರ, ಸ್ಲೊವೇನಿಯನ್ ಹಾಗೂ ಇಟಾಲಿಯನ್ ಎರಡರಲ್ಲೂ ಬರೆದ ಬೀದಿಫಲಕಗಳು ಆ ಕಾಲದ ಕುರುಹು. ನಡುಚೌಕದಲ್ಲಿ ಪಿಟೀಲು ಹಿಡಿದು ನಿಂತ ಪ್ರತಿಮೆ 1692ರಲ್ಲಿ ಇಲ್ಲೇ ಹುಟ್ಟಿದ ಸಂಗೀತಗಾರ ಜುಸೆಪ್ಪೆ ತಾರ್ತೀನಿಯದು. ಆತನ ಕಾಲದಲ್ಲಿ ಚೌಕವೇ ಇರಲಿಲ್ಲ, ದೋಣಿ ಕಟ್ಟುವ ಒಳಬಂದರಿತ್ತು. ಅದನ್ನು ಮುಚ್ಚಿದ್ದು 1894ರಲ್ಲಿ.

ಗೋಕರ್ಣದ ಹತ್ತಿರದ ಸಾಣಿಕಟ್ಟಾ ನೋಡಿದವರಿಗೆ ಸೆಚೋವ್ಲಿಯೆಯ ನೋಟ ಪರಿಚಿತವೇ: ಬದುಗಳಿಂದ ಭಾಗ ಮಾಡಿದ ಗದ್ದೆಗಳು, ಕಾಲುವೆ, ಮರದ ತೂಬು, ಅಂಚಿನಲ್ಲಿ ಬೆಳ್ಳಕ್ಕಿ. ಸಮುದ್ರದ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗಿಸುತ್ತ, ಬಿಸಿಲು ಗಾಳಿಗೆ ಬಿಟ್ಟು ಹತ್ತನೇ ಒಂದು ಭಾಗಕ್ಕೆ ಇಳಿಸಿದಾಗ ಹರಳು ಕಟ್ಟುತ್ತದೆ. ಇಲ್ಲಿನ ವಿಶೇಷ ‘ಪೆತೋಲಾ’. ಗದ್ದೆಯ ತಳದಲ್ಲಿ ನೀಲಿಹಸಿರು ಪಾಚಿ, ಜಿಪ್ಸಂ ಮತ್ತು ಖನಿಜಗಳು ಸೇರಿ ಕಟ್ಟಿದ ತೆಳ್ಳನೆಯ ಹಾಸು ಅದು. ಏಡ್ರಿಯಾಟಿಕ್‌ನ ಪಾಗ್ ದ್ವೀಪದಿಂದ ಹದಿನಾಲ್ಕನೇ ಶತಮಾನದಲ್ಲಿ ಈ ವಿದ್ಯೆ ಇಲ್ಲಿಗೆ ಬಂತು. ಪೆತೋಲಾ ಇದ್ದರೆ ಉಪ್ಪಿಗೆ ಕೆಸರು ತಾಗದು, ತೊಳೆಯುವ ಗೋಜೂ ಇಲ್ಲ. ಚಳಿಗಾಲದಲ್ಲಿ ಅದನ್ನು ಸಮುದ್ರದ ನೀರಿನಡಿ ಮುಚ್ಚಿಟ್ಟು, ವಸಂತದಲ್ಲಿ ಶುಚಿಮಾಡಿ, ಉರುಳೆಯಿಂದ ಸಮ ಮಾಡಿ ಹದಕ್ಕೆ ತರುತ್ತಾರೆ. ಹಾಸು ಹರಿದರೆ ಉಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆಂದು ಆಗರದವರು ಹಗುರ ಹಲಿಗೆಯಂಥ ಪಾದರಕ್ಷೆ ಕಟ್ಟಿಕೊಂಡು ಓಡಾಡುತ್ತಾರೆ, ಮರದ ಗೋರುಗಳಿಂದಲೇ ಉಪ್ಪು ಎಳೆಯುತ್ತಾರೆ.

ಹಿಂದೆ ಏಪ್ರಿಲ್ ಕೊನೆಗೆ ಪಿರಾನ್‌ನ ಕುಟುಂಬಗಳು ಪಾತ್ರೆಪಗಡೆ ಸಮೇತ ದೋಣಿಯೇರಿ ಬಂದು ಆಗಸ್ಟ್ ಕೊನೆಯವರೆಗೆ ಆಗರದಲ್ಲೇ ಬಿಡಾರ ಹೂಡುತ್ತಿದ್ದವು. ಕಲ್ಲಿನ ಮನೆಯ ಕೆಳಗೆ ಉಪ್ಪಿನ ದಾಸ್ತಾನು, ಮಹಡಿಯಲ್ಲಿ ವಾಸ. 1960ರ ದಶಕದ ಕೊನೆಗೆ ಈ ಮನೆಗಳಿದ್ದ ಭಾಗದಲ್ಲಿ ಕೆಲಸ ನಿಂತಿತು. ಮನೆಗಳಲ್ಲಿ ಹೆಚ್ಚಿನವು ಪಾಳುಬಿದ್ದಿವೆ, ಕೆಲವನ್ನು ಮ್ಯೂಸಿಯಂ ಮಾಡಲಾಗಿದೆ. ಉತ್ತರದ ಭಾಗದಲ್ಲಿ ಹಳೆ ಪದ್ಧತಿಯಲ್ಲೇ ಉಪ್ಪು ತೆಗೆಯುವುದು ಮುಂದುವರಿದಿದೆ. 1993ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಈ ಜೌಗು ಹಕ್ಕಿಪ್ರಿಯರ ತಾಣವೂ ಹೌದು. ಸಾಣಿಕಟ್ಟಾದಲ್ಲಿ ಮುಂಗಾರು ಕಾಲಿಟ್ಟರೆ ಹಂಗಾಮು ಮುಗಿಯಿತೆಂದು ಮೊದಲೇ ಗೊತ್ತಿರುತ್ತದೆ. ಸೆಚೋವ್ಲಿಯೆಯಲ್ಲಿ ಹಂಗಾಮಿನ ನಟ್ಟನಡುವೆಯೇ ಗುಡುಗುಮಳೆ ಬಂದು, ದಿನಗಟ್ಟಲೆ ಕಾಯಿಸಿದ ನೀರನ್ನು ಅರೆಗಳಿಗೆಯಲ್ಲಿ ತೆಳುಮಾಡಿಬಿಡಬಹುದು. ಹಾಗಾಗಿ ಸಾಧ್ಯವಾದಷ್ಟನ್ನು ಅಂದಂದೇ ಎಳೆದುಕೊಳ್ಳುತ್ತಾರೆ.

ಯಾವಾಗ, ಹೇಗೆ

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ವೆನಿಸ್, ವಿಯೆನ್ನಾ ಅಥವಾ ಮ್ಯೂನಿಕ್‌ಗೆ ಇಳಿದು ಬಸ್ಸು-ರೈಲು ಹಿಡಿಯುವವರೇ ಹೆಚ್ಚು. ಷೆಂಗೆನ್ ವೀಸಾ ಸಾಕು, ಚಲಾವಣೆ ಯೂರೊ. ಹಿಮ ಕರಗುವ ಮೇ-ಜೂನ್‌ನಲ್ಲಿ ಜಲಪಾತಗಳು ಮೈದುಂಬಿರುತ್ತವೆ. ತ್ರಿಗ್ಲಾವ್ ಹತ್ತಲು ಜುಲೈನಿಂದ ಸೆಪ್ಟೆಂಬರ್ ಒಳ್ಳೆಯದು, ಕೊನೆಯ ಏರಿಗೆ ಉಕ್ಕಿನ ಹಗ್ಗ ಹಿಡಿದೇ ಹೋಗಬೇಕು, ಅನುಭವವಿಲ್ಲದವರು ಗೈಡ್ ಇಲ್ಲದೆ ಹೊರಡಬಾರದು. ವ್ರಶಿಚ್ ಘಾಟಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ತ್ಸೆರ್ಕ್ನಿತ್ಸಾದಲ್ಲಿ ನೀರು ನೋಡಬೇಕಿದ್ದರೆ ಶರತ್ಕಾಲದಿಂದ ವಸಂತದೊಳಗೆ, ಉಪ್ಪು ಎಳೆಯುವುದನ್ನು ನೋಡಬೇಕಿದ್ದರೆ ಜುಲೈ-ಆಗಸ್ಟ್. ಆ ಎರಡು ತಿಂಗಳು ಬ್ಲೆಡ್‌ನಲ್ಲಿ ಪಾರ್ಕಿಂಗ್ ಸಿಗುವುದು ಕಷ್ಟ, ರೈಲು ಅಥವಾ ಬಸ್ಸೇ ಲೇಸು. ಕಡಲತೀರದಲ್ಲಿ ಬೆವರು ಸುರಿಯುವ ದಿನವೂ ಪೊಸ್ತೊಯ್ನಾದ ಒಳಗೆ ಹತ್ತು ಡಿಗ್ರಿಯೇ ಇರುವುದರಿಂದ ಸ್ವೆಟರ್ ಮರೆತವರು ಬಾಗಿಲಲ್ಲಿ ಬಾಡಿಗೆಗೆ ಸಿಗುವ ಮೇಲಂಗಿ ಹೊದ್ದುಕೊಂಡೇ ರೈಲು ಹತ್ತುತ್ತಾರೆ.